ದ್ರಾಕ್ಷಿ ಸಾಗಿಸುವ ಪಿಕಪ್ ಗಾಡಿಯ ಶಾಕ್ ಅಬ್ಸಾರ್ಬರ್: ಪರೀಕ್ಷೆ ಮತ್ತು ದುರಸ್ತಿ



ತಿಕೋಟಾ, ಬಬಲೇಶ್ವರ ಭಾಗದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದ್ರಾಕ್ಷಿಯ ಸುಗ್ಗಿ. ಹಣ್ಣಿನ ಮೇಲಿನ ಮೇಣದ ತೆಳುಪದರು ಅಳಿಯದಂತೆ ಗೊನೆಯ ತೊಟ್ಟು ಹಿಡಿದು ಕತ್ತರಿಸಿ ಕ್ರೇಟಿಗೆ ಇಡುತ್ತಾರೆ. ಅದೇ ಹಣ್ಣು ವಿಜಯಪುರ ಮುಟ್ಟುವಷ್ಟರಲ್ಲಿ ಕಾಳು ಉದುರಿ, ಕೆಳಗಿನ ಕ್ರೇಟಿನಲ್ಲಿ ರಸ ಒಸರಿದ್ದರೆ ದೋಷವನ್ನು ರಸ್ತೆಯ ಮೇಲೆ ಹೊರಿಸುವುದು ವಾಡಿಕೆ. ಎರೆಭೂಮಿಯ ರಸ್ತೆ ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಅಲೆಅಲೆಯಾಗುವುದು ನಿಜ. ಆದರೆ ಗಾಡಿಯ ಕೆಳಗೆ ಬಗ್ಗಿ ನೋಡಿದವರು ಕಡಿಮೆ.

ಭಾರ ಹೊರುವುದು ಪಟ್ಟಿ ಸ್ಪ್ರಿಂಗು. ಶಾಕ್ ಅಬ್ಸಾರ್ಬರ್, ಗ್ಯಾರೇಜಿನ ಮಾತಿನಲ್ಲಿ ಶಾಕಪ್, ಒಮ್ಮೆ ಕುಗ್ಗಿದ ಸ್ಪ್ರಿಂಗು ಮತ್ತೆ ಮತ್ತೆ ಪುಟಿಯದಂತೆ ತಡೆಯುತ್ತದೆ. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ರಂಧ್ರಗಳುಳ್ಳ ಪಿಸ್ಟನ್. ಎಣ್ಣೆ ಆ ರಂಧ್ರಗಳಲ್ಲಿ ನುಸುಳುವಾಗ ಪುಟಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಎತ್ತಿನ ಬಂಡಿಗೆ ಸ್ಪ್ರಿಂಗೇ ಇರಲಿಲ್ಲ, ಆದ್ದರಿಂದ ಇದರ ಗೊಡವೆಯೂ ಇರಲಿಲ್ಲ.

ಶಾಕಪ್ ಕೆಟ್ಟರೆ ಹಣ್ಣಿಗಿಂತ ದೊಡ್ಡ ಹಾನಿಯುಂಟು. ಪುಟಿಯುವ ಗಾಲಿ ನೆಲದ ಹಿಡಿತ ಬಿಡುತ್ತದೆ. ಬ್ರೇಕ್ ಒತ್ತಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಹಿಂದೆ ಕೂಲಿಯವರು ಕುಳಿತಿದ್ದರೆ ಕೇಳುವುದೇ ಬೇಡ. ಸರಕು ಗಾಡಿಯಲ್ಲಿ ಜನರನ್ನು ಕೂರಿಸುವುದೇ ತಪ್ಪು.

ಪರೀಕ್ಷೆ ಕಷ್ಟದ್ದಲ್ಲ. ಕೊಳವೆಯ ಮೇಲೆ ಎಣ್ಣೆ ಹರಿದು ಧೂಳು ಕೆಸರಿನಂತೆ ಮೆತ್ತಿದ್ದರೆ ಸೋರಿಕೆ ಖಚಿತ. ಬರೇ ತೇವದ ಛಾಯೆಗೆ ಗಾಬರಿ ಬೇಡ. ಟೈರು ಅಲ್ಲಲ್ಲಿ ತಗ್ಗು ಬಿದ್ದು ಸವೆದಿದ್ದರೆ ಸಂಶಯಪಡಬೇಕು. ಕಾರಿನಂತೆ ಮೂಲೆಯನ್ನು ಕೈಯಿಂದ ಅದುಮಿ ನೋಡುವ ಉಪಾಯ ಗಟ್ಟಿ ಪಟ್ಟಿಗಳ ಪಿಕಪ್‌ಗೆ ಅಷ್ಟಾಗಿ ಒದಗದು. ಅದಕ್ಕಿಂತ, ಕೆಟ್ಟ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿದೊಡನೆ ಎರಡೂ ಬದಿಯ ಶಾಕಪ್‌ಗಳನ್ನು ಹುಷಾರಾಗಿ ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಕೆಲಸ ಮಾಡುವುದು ಬೆಚ್ಚಗಿರುತ್ತದೆ. ಜೊತೆಯದಕ್ಕಿಂತ ತಣ್ಣಗಿರುವುದು ಕೆಲಸ ಬಿಟ್ಟಿದೆ.

ಮೊಹರಾದ ಕೊಳವೆಗೆ ತೂತು ಕೊರೆದು ಎಂಜಿನ್ ಆಯಿಲ್ ತುಂಬಿ ಬೆಸುಗೆ ಹಾಕಿಸುವುದು ಸಲ್ಲದು. ಆ ಎಣ್ಣೆಯ ದಪ್ಪ ಬೇರೆ. ಒಳಗೆ ಒತ್ತಡದ ಅನಿಲವಿದ್ದರೆ ಬೆಂಕಿ ತಗುಲಿ ಸಿಡಿದೀತು. ರಬ್ಬರ್ ಬುಷ್ ಮಾತ್ರ ಸವೆದು ಟಕಟಕ ಸದ್ದು ಬರುತ್ತಿದ್ದರೆ, ಬುಷ್ ಬೇರೆ ಸಿಗುವ ಗಾಡಿಗಳಲ್ಲಿ ಅದನ್ನಷ್ಟೇ ಬದಲಿಸಿದರೆ ಸಾಕು. ಅದಕ್ಕೆ ಗ್ರೀಸ್ ಸವರಬಾರದು, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಕೊಳವೆಯೇ ಸೋತಿದ್ದರೆ ಒಂದೇ ಅಚ್ಚಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಚಾಟ್ನಿ ಮುಗಿದು ಕೊಯ್ಲು ಶುರುವಾಗುವ ಮುಂಚಿನ ದಿನಗಳು ಇದಕ್ಕೆ ಅನುಕೂಲ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಗಾಲಿಗೆ ಅಡೆ ಕೊಡಬೇಕು. ಬರೇ ಜಾಕಿನ ಆಧಾರದ ಮೇಲೆ ಕೆಳಗೆ ನುಗ್ಗಕೂಡದು. ಹೊಸದನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿದರೆ ಒಳಗಿನ ಗಾಳಿ ಮೇಲೇರುತ್ತದೆ. ಬುಷ್‌ನ ಬೋಲ್ಟುಗಳನ್ನು ಕಡೆಯ ಬಿಗಿ ಕೊಡುವುದು ಗಾಲಿಗಳು ನೆಲಕ್ಕೆ ತಾಗಿ ಭಾರ ಬಿದ್ದ ಮೇಲೆಯೇ. ಇಲ್ಲವಾದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಹೆಚ್ಚು ಹೇರಲೆಂದು ಮತ್ತೊಂದು ಪಟ್ಟಿ ಸೇರಿಸಿದ ಗಾಡಿಗಳುಂಟು. ಗಟ್ಟಿಯಾದ ಸ್ಪ್ರಿಂಗಿನ ಪುಟಿತವನ್ನು ಮೂಲ ಶಾಕಪ್ ಹಿಡಿಯಲಾರದು; ಅರ್ಧ ಲೋಡಿನಲ್ಲಿ ಹಣ್ಣು ಜಜ್ಜುವುದು ಇಂಥ ಗಾಡಿಯಲ್ಲೇ ಹೆಚ್ಚು. ಮೊದಲ ಲೋಡ್ ಇಳಿಸಿ ಬಂದ ದಿನ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡತಕ್ಕದ್ದು.