ನಾಲ್ಕು ಸಾಲಿನಲ್ಲಿ ನೀನು ಯಾರು?

(ಪಿಯುಸಿ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು)



ನಾನು ಕವಿಯಲ್ಲ, ಪ್ರೆಸ್ಸಿನವನು. ಓದಿದ್ದು ಪಿಯುಸಿ. ಆದರೂ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ನಮ್ಮ ಹುಡುಗರು ಪ್ರಿಂಟು ತೆಗೆಸಲು ಬಂದಾಗ "ಅಣ್ಣಾ, ಇದನ್ನೊಂದು ನೋಡಿ" ಅನ್ನುತ್ತಾರೆ. ಅಲ್ಲಿ ನೂರಾರು ಕಾಲೇಜುಗಳಿಗೆ ಒಂದೇ ಅರ್ಜಿ, ಕಾಮನ್ ಆ್ಯಪ್. ಅಂಕಪಟ್ಟಿ ಸಾಲದು, ನಿನ್ನ ಬಗ್ಗೆ ನೀನೇ 250ರಿಂದ 650 ಪದ ಬರೆಯಬೇಕು. ಕೆಲವರು ಅದರೊಳಗೆ ಪುಟ್ಟ ಪದ್ಯವನ್ನೂ ಇಡುತ್ತಾರೆ.

ಬರೆದು ತರುವುದೇನು? "ನಾನು ಹುಟ್ಟು ನಾಯಕ, ಶ್ರಮಜೀವಿ, ಕನಸುಗಾರ." ಮದುವೆ ಕಾಗದದ ಒಕ್ಕಣೆ ಇದ್ದ ಹಾಗೆ! ಹೆಸರು ಬದಲಿಸಿದರೆ ಯಾರಿಗೂ ಆಗುತ್ತದೆ. ಪಕ್ಕದ ಮನೆಯವನಿಗೂ ಒಪ್ಪುವ ಸಾಲನ್ನು ಹೊಡೆದು ಹಾಕಿ.

ಆಟೋ ಓಡಿಸುವವರ ಮಗನೊಬ್ಬ ಹೀಗೇ ಇಂಗ್ಲಿಷಿನ ಗಿಣಿಪಾಠ ತಂದ. "ಮನೆ ಮಾತಿನಲ್ಲಿ ಹೇಳಪ್ಪ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

ಅಪ್ಪನ ಆಟೋದ ಹಿಂದಿನ ಸೀಟು
ನನ್ನ ಓದಿನ ಕೋಣೆ.
ಸವಾರಿ ಸಿಕ್ಕರೆ ಪುಸ್ತಕ ಮುಚ್ಚಿ
ಇಳಿದು ನಿಲ್ಲುತ್ತೇನೆ.

"ಬಡವ", "ಶ್ರಮಜೀವಿ" ಎಂಬ ಪದ ಎಲ್ಲಿದೆ ಹೇಳಿ? ಬೇಕಾಗಲೇ ಇಲ್ಲ! ಇದು ಇನ್ಯಾರಿಗೂ ಆಗದ ಪದ್ಯ.

ಆಮೇಲೆ ಇಂಗ್ಲಿಷ್ ಮಾಡಿ, ತಪ್ಪಿಲ್ಲ, ಅರ್ಜಿ ಅವರದು. ಆದರೆ ಮುದ್ದೆ, ಜಾತ್ರೆ, ಅಜ್ಜಿ ಹಾಗೇ ಇರಲಿ, ಸುತ್ತಲಿನ ಸಾಲು ಅರ್ಥ ಹೇಳುತ್ತದೆ. ಪ್ರಾಸಕ್ಕಾಗಿ ಸುಳ್ಳು ಸೇರಿಸಬೇಡಿ. ಇನ್ನೊಬ್ಬರು ಬರೆದದ್ದನ್ನು, ಎಐ ಯಂತ್ರ ಬರೆದದ್ದನ್ನು ತನ್ನದೆಂದು ಕೊಟ್ಟರೆ ಕಾಮನ್ ಆ್ಯಪ್ ಅದನ್ನು ವಂಚನೆ ಎನ್ನುತ್ತದೆ. ನನ್ನ ಹತ್ತಿರವೂ ಬರೆಸಲು ಬರಬೇಡಿ. ಬರೆದು ತನ್ನಿ, ಕಾಗುಣಿತ ನೋಡಿಕೊಡುತ್ತೇನೆ.