ಏಳು ಕೀಲಿಯ ಕೊರವಂಗಲ

ನಮ್ಮ ಊರು ಕೊರವಂಗಲ. ಹಾಸನದಿಂದ ಅರಸೀಕೆರೆ ಕಡೆಗೆ ಹೊರಟರೆ ಹತ್ತು ಕಿಲೋಮೀಟರ್ ಆಸುಪಾಸು. ಈ ಹೆಸರನ್ನು ಕಂಪ್ಯೂಟರಿನಲ್ಲಿ ಬರೆಯಲು ನಾನು ಏಳು ಸಲ ಕೀಲಿ ಒತ್ತುತ್ತೇನೆ. ಕ, ಒ, ರ, ವ, ಸೊನ್ನೆ, ಗ, ಲ. ಮುಗಿಯಿತು. ಇಷ್ಟು ವರ್ಷಗಳಲ್ಲಿ ಆಪರೇಟಿಂಗ್ ಸಿಸ್ಟಂ ನಾಲ್ಕು ಸಲ ಬದಲಾಯಿಸಿದ್ದೇನೆ. ಕನ್ನಡ ಟೈಪಿಂಗ್ ಕಲಿತ ದಿನದಿಂದ ಈ ಏಳು ಕೀಲಿ ಮಾತ್ರ ಬದಲಾಗಿಲ್ಲ. ಬದಲಾದದ್ದು, ಕೀಲಿ ಒತ್ತಿದ ಮೇಲೆ ಯಂತ್ರದೊಳಗೆ ಹೋಗಿ ಕೂತದ್ದು ಏನು ಎಂಬುದು. ಅದು ಗೊತ್ತಾಗಲು ನನಗೆ ಒಂದು ಪೆಟ್ಟು ಬೀಳಬೇಕಾಯಿತು.

ಆಪರೇಟಿಂಗ್ ಸಿಸ್ಟಂ ಅಂದರೆ ಏನು? ಹಳೆಯ ಕಾಲದ ಗ್ರಾಮವನ್ನು ನೆನಪಿಸಿಕೊಳ್ಳಿ. ಯಾವ ಹೊಲ ಯಾರದು, ಹದ್ದು ಎಲ್ಲಿಗೆ ಅನ್ನುವುದು ಶಾನುಭೋಗರ ಕಡತದಲ್ಲಿರುತ್ತಿತ್ತು. ಕೆರೆಯ ನೀರು ಇವತ್ತು ಯಾರ ಗದ್ದೆಗೆ, ಎಷ್ಟು ಹೊತ್ತು ಅನ್ನುವುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಕಂಪ್ಯೂಟರಿನ ನೆನಪು ಹೊಲವಾದರೆ, ಅದರ ಸಂಸ್ಕಾರಕದ ಸಮಯ ಕೆರೆಯ ನೀರು. ಪತ್ರ ಬರೆಯುವ, ಲೆಕ್ಕ ಮಾಡುವ, ಹಾಡು ಹೇಳಿಸುವ ತಂತ್ರಾಂಶಗಳೆಲ್ಲ ರೈತರು. ಯಾರಿಂದಲೂ ಯಾರ ಹೊಲವೂ ಒತ್ತುವರಿಯಾಗದಂತೆ, ಎಲ್ಲರಿಗೂ ಸರದಿಯ ಮೇಲೆ ನೀರು ಸಿಗುವಂತೆ ನೋಡಿಕೊಳ್ಳುವ ಶಾನುಭೋಗ ಮತ್ತು ನೀರುಗಂಟಿ ಇಬ್ಬರೂ ಸೇರಿ ಒಬ್ಬರಾದರೆ ಅದೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್, ಲಿನಕ್ಸ್, ಆಪಲ್ ಕಂಪನಿಯ ಮ್ಯಾಕ್, ಈ ಮೂವರು ಬೇರೆ ಬೇರೆ ಶಾನುಭೋಗರು.

ಶಾನುಭೋಗ ಬದಲಾದರೆ ಹೊಲಕ್ಕೇನೂ ಆಗುವುದಿಲ್ಲ. ತೊಂದರೆ ಇರುವುದು ಕಡತದಲ್ಲಿ. ಹಳೆಯ ಶಾನುಭೋಗರು ಮೋಡಿ ಅಕ್ಷರದಲ್ಲಿ ಬರೆಯುತ್ತಿದ್ದರು. ಗೊತ್ತಿದ್ದವರಿಗೆ ಅದು ಕನ್ನಡ, ಉಳಿದವರಿಗೆ ಕೋಳಿ ಕೆರೆದ ಗುರುತು. ಈ ಮೋಡಿಯ ಮಾತು ನೆನಪಿರಲಿ, ಮತ್ತೆ ಬರುತ್ತದೆ.

ನಾನು ಕಂಪ್ಯೂಟರ್ ಮುಟ್ಟಿದ್ದು 1996ರಲ್ಲಿ, ಹಾಸನದ ಒಂದು ತರಬೇತಿ ಕೇಂದ್ರದಲ್ಲಿ. ಆಗ ಡಾಸ್. ಕಪ್ಪು ಪರದೆ, ಮಿಣಮಿಣ ಮಿನುಗುವ ಒಂದು ಗೆರೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಅಲ್ಲಿಂದ ಹೊರಬಂದು ಡಿಟಿಪಿ ಅಂಗಡಿ ಸೇರಿದಾಗ ವಿಂಡೋಸ್ 98. ಮದುವೆಯ ಕರೆಯೋಲೆ, ಆಲೂಗೆಡ್ಡೆ ಮಂಡಿಯ ರಶೀದಿ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ಕನ್ನಡ ಟೈಪಿಂಗ್ ತಂತ್ರಾಂಶ ‘ಬರಹ’ ಆಗ ಎಲ್ಲರ ಬಾಯಲ್ಲಿತ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನನ್ನ ಬೆರಳು ನುಡಿಗೆ ಒಗ್ಗಿತು.

2002ರಲ್ಲಿ ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಒಂದು ನೋಟ್ ಪುಸ್ತಕ ತಂದುಕೊಟ್ಟರು. ಊರಿನ ಬೂಚೇಶ್ವರ ದೇವಸ್ಥಾನದ ಮೇಲೆ ಅವರು ಬರೆದಿಟ್ಟ ಟಿಪ್ಪಣಿಗಳು. 1173ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಗೆ ಪಟ್ಟವಾದಾಗ ಅವನ ಅಧಿಕಾರಿ ಬೂಚಿರಾಜ ಕಟ್ಟಿಸಿದ ಗುಡಿ ಅದು. ಒಳಗೆ ಶಿವ, ಎದುರಿಗೆ ಸೂರ್ಯ. ಬೂಚಿರಾಜನ ಅಣ್ಣತಮ್ಮಂದಿರ ಗೋವಿಂದೇಶ್ವರ, ನಾಕೇಶ್ವರ ಗುಡಿಗಳು ಹತ್ತಿರದಲ್ಲೇ ಪಾಳುಬಿದ್ದಿವೆ. ಅರವತ್ತು ಪುಟ ಟೈಪ್ ಮಾಡಿದೆ. ಶಾಸನದ ಸಾಲುಗಳಲ್ಲಿ ಬರುವ ಹಳಗನ್ನಡದ ಱ, ೞ ಅಕ್ಷರಗಳನ್ನು ಟೈಪ್ ಮಾಡುವ ಬಗೆ ನನಗೆ ಗೊತ್ತಿರಲಿಲ್ಲ. ಅಲ್ಲೆಲ್ಲ ಜಾಗ ಬಿಟ್ಟು, ಪ್ರಿಂಟ್ ಬಂದ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟೆ. ಮೇಷ್ಟ್ರು ಖುಷಿಯಾದರು. ಕಡತವನ್ನು ಫ್ಲಾಪಿಯಲ್ಲೂ ಸಿಡಿಯಲ್ಲೂ ಇಟ್ಟುಕೊಂಡೆ.

2006ರಲ್ಲಿ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಉಬುಂಟು ಎಂಬ ಲಿನಕ್ಸಿನ ಸಿಡಿಗಳು. ಆಗ ಕೇಳಿದವರಿಗೆಲ್ಲ ಅಂಚೆವೆಚ್ಚವನ್ನೂ ಕೇಳದೆ ಕಳಿಸುತ್ತಿದ್ದರು. ಕಂಪ್ಯೂಟರಿನ ಯಾವುದೋ ಸಿಡಿ ಪುಕ್ಕಟೆ ಬಂತು ಅನ್ನುವುದನ್ನು ಅಂಗಡಿಯಲ್ಲಿ ಯಾರೂ ನಂಬಲಿಲ್ಲ. ಅಲ್ಲಿಯವರೆಗೆ ಪುಕ್ಕಟೆ ಬರುತ್ತಿದ್ದದ್ದು ಪೆನ್ ಡ್ರೈವಿನಲ್ಲಿ ವೈರಸ್ ಮಾತ್ರ. ಮನೆಯ ಯಂತ್ರದಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದೆ. ಒಂದು ವಾರ ಕೈ ತಡವರಿಸಿತು. ಗುಂಡಿಗಳು ಬೇರೆ ಕಡೆ, ಹೆಸರುಗಳು ಬೇರೆ. ಹೊಸ ಮನೆಯಲ್ಲಿ ಕತ್ತಲಾದ ಮೇಲೆ ಸ್ವಿಚ್ಚು ಹುಡುಕಿದ ಹಾಗೆ. ಅದು ಹೊಂದಿಕೊಳ್ಳುವ ಸಂಗತಿ, ಹೆಚ್ಚು ಹೇಳುವುದಿಲ್ಲ.

ಪೆಟ್ಟು ಬಿದ್ದದ್ದು ಮೇಷ್ಟ್ರ ಕಡತ ತೆರೆದಾಗ. ಕನ್ನಡದ ಒಂದಕ್ಷರ ಇಲ್ಲ. ಕೊರವಂಗಲ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಇರುವ ಇ, ಎ ಮತ್ತು ಇ ಅಂಟಿಕೊಂಡು ಹುಟ್ಟಿದ ಅವಳಿ, ಸಣ್ಣ ಜಿ, ಹೀಗೆ ಏನೇನೋ. ಕಟ್ಟಕಡೆಗೆ, ಕಂಪನಿಗಳು ತಮ್ಮ ಹೆಸರಿನ ಪಕ್ಕ ಹಾಕಿಕೊಳ್ಳುತ್ತವಲ್ಲ, ವೃತ್ತದೊಳಗೆ ಕೂತ ಆರ್, ಅದು. ನಮ್ಮೂರಿನ ಕೊನೆಯ ‘ಲ’ ನೋಂದಾಯಿತ ಗುರುತಾಗಿಬಿಟ್ಟಿತ್ತು! ಎಣಿಸಿದೆ. ಹನ್ನೊಂದು ಗುರುತು. ಮೇಷ್ಟ್ರಿಗೆ ತೋರಿಸಿದರೆ ಕನ್ನಡಕ ಮೇಲೆತ್ತಿ, “ಇದ್ಯಾವ ಲಿಪಿನಪ್ಪಾ, ಶಾಸನವೇ ಎಷ್ಟೋ ವಾಸಿ” ಅಂದರು.

ಏಳು ಕೀಲಿ ಒತ್ತಿದ್ದು ನಾನು. ಹನ್ನೊಂದು ಎಲ್ಲಿಂದ ಬಂತು?

ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಯಾರಾದರೂ ಕೇಳುತ್ತಿದ್ದರೆ ಅವರಿಗೆ ಇದು ತಟ್ಟನೆ ತಿಳಿಯುತ್ತದೆ. ಕನ್ನಡದ ಎಲ್ಲ ಗುಣಿತ, ಎಲ್ಲ ಒತ್ತಿಗೂ ಬೇರೆ ಬೇರೆ ಮೊಳೆ ಎರಕ ಹೊಯ್ಯಲು ಆಗುವುದಿಲ್ಲ. ಕಂಪ್ಯೂಟರಿನಲ್ಲೂ ಹಾಗೇ, ಆಗಿನ ಅಕ್ಷರಶೈಲಿಗಳಲ್ಲಿ, ಅಂದರೆ ಫಾಂಟುಗಳಲ್ಲಿ, ಇದ್ದ ಜಾಗ ಒಟ್ಟು 256. ಅದರಲ್ಲಿ ಮೊದಲ ಕೆಲವು ಯಂತ್ರಕ್ಕೇ ಬೇಕು. ಆದ್ದರಿಂದ ಅಕ್ಷರಗಳನ್ನು ಚೂರು ಮಾಡಿದರು. ‘ಕ’ದ ಒಡಲು ಒಂದು ಚೂರು, ತಲೆಕಟ್ಟು ಇನ್ನೊಂದು, ಎತ್ವ ಇನ್ನೊಂದು, ದೀರ್ಘ ಮತ್ತೊಂದು. ‘ಮ’ ಅಂದರೆ ‘ವ’ದ ಒಡಲಿಗೆ ತಲೆಕಟ್ಟು ಹಾಕಿ ಬಾಲ ಅಂಟಿಸಿದ್ದು. ‘ಯ’ ಶುರುವಾಗುವುದು ಸೊನ್ನೆಯ ಚೂರಿನಿಂದಲೇ. ಈ ಚೂರುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದರು. ಕಡತದೊಳಗೆ ಇದ್ದದ್ದು ಪಿ, ಇ, ಜಿ ಮಾತ್ರ. ನುಡಿಯ ಅಕ್ಷರಶೈಲಿ ಅವಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ವೇಷದ ಪೆಟ್ಟಿಗೆ ಇಲ್ಲದ ಊರಿಗೆ ಬಂದಾಗ ಪಾತ್ರಧಾರಿಗಳು ಬರಿಮೈಯಲ್ಲಿ ನಿಂತರು. ನಾಲ್ಕು ವರ್ಷ ನಾನು ಬರೆದದ್ದು ಕನ್ನಡವಲ್ಲ, ಕನ್ನಡದ ಚಿತ್ರ. ಬೇಕಿದ್ದರೆ ಮೋಡಿ ಅನ್ನಿ.

ಆ ಅಕ್ಷರಶೈಲಿಯನ್ನೇ ತಂದು ಲಿನಕ್ಸಿಗೂ ಹಾಕಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಹಾಗೆ ಮಾಡಿಯೂ ನೋಡಿದೆ. ಆದರೆ ಅರವತ್ತು ಪುಟದಲ್ಲಿ ‘ಸೂರ್ಯ’ ಎಲ್ಲೆಲ್ಲಿದೆ ಎಂದು ಹುಡುಕಹೊರಟರೆ ಸಿಗದು. ಅಕಾರಾದಿಯಾಗಿ ಜೋಡಿಸು ಎಂದರೆ ಇಂಗ್ಲಿಷಿನ ವರ್ಣಮಾಲೆಯಂತೆ ಜೋಡಿಸುತ್ತದೆ.

ಇದಕ್ಕೆ ಮದ್ದು ಅದಾಗಲೇ ಇತ್ತು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆಂದು ಸಾರಿದ, ಅದೇ ಲಿನಕ್ಸ್. ಮದ್ದು ಬಂದದ್ದೂ ಅದೇ ವರ್ಷ. ಅಕ್ಟೋಬರಿನಲ್ಲಿ ಯೂನಿಕೋಡ್ ಎಂಬ ಸಂಕೇತಪಟ್ಟಿಯ ಮೊದಲ ಆವೃತ್ತಿ ಬಂತು. ಜಗತ್ತಿನ ಲಿಪಿಗಳಿಗೆಲ್ಲ ಸ್ವಂತ ಖಾತೆ. ಮೊದಲ ಸಲವೇ ಕನ್ನಡಕ್ಕೆ 128 ಮನೆಗಳ ಕೇರಿ ಸಿಕ್ಕಿತು. ಱ, ೞ ಅಕ್ಷರಗಳಿಗೂ ಅಲ್ಲಿ ಮನೆಯಿದೆ. ಯೂನಿಕೋಡಿನಲ್ಲಿ ಕಡತದೊಳಗೆ ಉಳಿಯುವುದು ಆಕಾರವಲ್ಲ, ಅಕ್ಷರ. ಅದನ್ನು ಗುಂಡಗೆ ಬರೆಯಬೇಕೋ ಚೂಪಾಗಿ ಬರೆಯಬೇಕೋ ಎನ್ನುವುದು ಆಯಾ ಯಂತ್ರಕ್ಕೆ ಬಿಟ್ಟದ್ದು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಅಕ್ಷರಶೈಲಿಯೊಂದಿಗೆ ಇದನ್ನು ತಂದಿತು. ಲಿನಕ್ಸಿನಲ್ಲಿ ‘ಕೇದಗೆ’, ‘ಮಲ್ಲಿಗೆ’ ಇದ್ದವು. ಆಪಲ್ಲಿನವರು ಕನ್ನಡದ ಅಕ್ಷರಶೈಲಿ ಕೊಟ್ಟದ್ದು 2011ರಲ್ಲಿ. ಅಷ್ಟು ಬೆಲೆಯ ಯಂತ್ರಕ್ಕೆ ತಡವೆಂದೇ ನನ್ನ ಅಭಿಪ್ರಾಯ.

ಹಾಗಿದ್ದೂ ನಾವು ಯಾಕೆ ಚೂರುಗಳಿಗೇ ಜೋತುಬಿದ್ದೆವು? ನಾನೇ ಉತ್ತರ ಹೇಳಬೇಕು, ಯಾಕೆಂದರೆ ಜೋತುಬಿದ್ದವರಲ್ಲಿ ನಾನೂ ಒಬ್ಬ. ಮುದ್ರಣದವರೆಲ್ಲ ಬಳಸುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ. ಲಗ್ನಪತ್ರಿಕೆ ನಾಳೆ ಬೆಳಿಗ್ಗೆ ಬೇಕು ಅನ್ನುವವರ ಮುಂದೆ ಸಂಕೇತಪಟ್ಟಿಯ ಪುರಾಣ ಹೇಳಲಾಗುತ್ತದೆಯೇ? ಅಂಗಡಿಯ ಪ್ರಿಂಟರೂ ಲಿನಕ್ಸಿನ ಮಾತು ಕೇಳಲಿಲ್ಲ. ಸ್ವಂತ ಅಂಗಡಿ ಇಟ್ಟ ಮೇಲೆ ವಿಂಡೋಸಿಗೆ ಮರಳಿದೆ, ಮನಸ್ಸಿಲ್ಲದೆ. ಪಕ್ಕದ ಮೂಡಿಗೆರೆಯಲ್ಲಿದ್ದ ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ತಲೆ ಕೆಡಿಸಿಕೊಂಡದ್ದು ಯಾಕೆಂದು ಆಗ ಅರ್ಥವಾಯಿತು.

ಈ ಓಡಾಟದಲ್ಲೆಲ್ಲ ನನ್ನನ್ನು ಕಾಪಾಡಿದ್ದು ಕೀಲಿಮಣೆಯ ವಿನ್ಯಾಸ. ಅದು ಕೆ. ಪಿ. ರಾವ್ ಅವರ ಕೊಡುಗೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಅಕಾರ ಅಕ್ಷರದಲ್ಲೇ ಅಡಗಿದೆ, ಬೇರೆ ಒತ್ತಬೇಕಿಲ್ಲ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒಂದು ಕೊಂಡಿ. ನಾವು ಒಂದನೇ ತರಗತಿಯಲ್ಲಿ ಕಾಗುಣಿತ ಕಲಿತ ಕ್ರಮವೇ ಇದು. ಇದನ್ನೇ ಸ್ವಲ್ಪ ತಿದ್ದಿ ಸರ್ಕಾರ ಅಧಿಕೃತ ಮಾಡಿತು. ಲಿನಕ್ಸಿನಲ್ಲಿ ಈ ವಿನ್ಯಾಸಕ್ಕೆ ‘ಕಗಪ’ ಎಂದು ಹೆಸರು, ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಅಲ್ಲಿ ಕಗಪ ವಿನ್ಯಾಸವಿದೆ. ಏಳು ಕೀಲಿ ಒತ್ತಿದರೆ ಯೂನಿಕೋಡಿನಲ್ಲಿ ಕೂರುವುದೂ ಏಳೇ ಸಂಕೇತ. ಇದನ್ನು ಲೆಕ್ಕ ಹಾಕಿ ನೋಡಿದ ದಿನ ನಾನು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಯಾರೂ ಅಷ್ಟೇನೂ ಕಿವಿಗೊಡಲಿಲ್ಲ.

ಈಗ ಮತ್ತೆ ಗುಳೆ ಏಳುವ ಕಾಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸುರಕ್ಷತಾ ತಿದ್ದುಪಡಿಗಳ ಸಾಮಾನ್ಯ ಅವಧಿ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಬೇಕು, ಸಂಸ್ಕಾರಕವೂ ತೀರಾ ಹಳೆಯದಾಗಿರಬಾರದು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕು ಎಂದರೆ ಹೊಟ್ಟೆ ಉರಿಯುತ್ತದೆ. ನಾನು ನಾಲ್ಕನೆಯ ಸಲ ಹೊರಟದ್ದು ಹೀಗೆ, ಮತ್ತೆ ಲಿನಕ್ಸಿಗೆ. ನೀವೂ ಯೋಚಿಸುತ್ತಿದ್ದರೆ ಒಂದು ಮಾತು. ಇದ್ದದ್ದನ್ನು ಅಳಿಸುವ ಮೊದಲು ಲಿನಕ್ಸನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಅದರಿಂದಲೇ ಯಂತ್ರ ಚಾಲೂ ಮಾಡಿ. ಹೆಣ್ಣು ನೋಡಲು ಹೋದಷ್ಟೇ, ತಾಂಬೂಲ ಬದಲಾಯಿಸಿದಂತಲ್ಲ. ಪ್ರಿಂಟರ್, ವೈಫೈ ಕೆಲಸ ಮಾಡುತ್ತವೆಯೇ ನೋಡಿ. ಎಲ್ಲದರದ್ದೂ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ. ಹಳೆಯ ನುಡಿ, ಬರಹ, ಶ್ರೀಲಿಪಿ ಕಡತಗಳಿದ್ದರೆ ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿ, ಮೂಲದ ಒಂದು ಪ್ರಿಂಟ್ ಎದುರಿಗಿಟ್ಟುಕೊಂಡು ಓದಿ ನೋಡಿ.

ಓದಿ ನೋಡಿ ಅಂದದ್ದಕ್ಕೆ ಕಾರಣವಿದೆ. ಮೇಷ್ಟ್ರ ಕಡತವನ್ನು ಕಳೆದ ಮಳೆಗಾಲದಲ್ಲಿ ಪರಿವರ್ತಿಸಿದೆ. ಪರಿವರ್ತಕ ಜಾಣ. ‘ಸೂರ್ಯ’ ಎನ್ನುವಾಗ ‘ರ್’ ಧ್ವನಿ ಮೊದಲು, ಬರೆಯುವಾಗ ಅರ್ಕಾವೊತ್ತು ಕೊನೆಗೆ. ಚೂರುಗಳ ಕಡತದಲ್ಲಿ ಅದು ಬರೆದ ಕ್ರಮದಲ್ಲೇ ಇರುತ್ತದೆ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ತರಬೇಕು, ತಂದಿತು. ಸೂರ್ಯ ಶಿವನ ಎದುರಿಗೆ ಸರಿಯಾಗಿಯೇ ಕೂತ. ಹಳಗನ್ನಡದ ಸಾಲುಗಳಲ್ಲಿ ಜಾಗ ಬಿಟ್ಟಿದ್ದ ಕಡೆಗಳಿಗೆ ಱ, ೞ ನಾನೇ ತುಂಬಿದೆ. ಶಾಸನತಜ್ಞ ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟ ಎದುರಿಗಿತ್ತು. ಯೋಚಿಸಿದರೆ ರೈಸ್ ಮತ್ತು ಅವರ ಪಂಡಿತರು ಮಾಡಿದ್ದೂ ಇದನ್ನೇ: ಕಲ್ಲಿನ ಮೇಲಿನ ಆಕಾರ ನಮಗೆ ಓದಲು ಬಾರದು, ಅಕ್ಷರ ಹಿಡಿದು ಹೊಸ ಆಕಾರಕ್ಕೆ ತಂದರು.

ಆದರೆ ಚೂರುಗಳ ಕಡತದಲ್ಲಿ ಇಂಗ್ಲಿಷ್ ಯಾವುದು, ವೇಷ ಹಾಕಿದ ಕನ್ನಡ ಯಾವುದು ಎಂದು ಪರಿವರ್ತಕಕ್ಕೆ ತಿಳಿಯುವುದಿಲ್ಲ. ನುಡಿಯಲ್ಲಿ ದೊಡ್ಡ ‘ಸಿ’ಯ ಜಾಗದಲ್ಲಿ ‘ಅ’ ಇದೆ, ‘ಡಿ’ಯ ಜಾಗದಲ್ಲಿ ‘ಆ’. ಕೊನೆಯ ಪುಟದಲ್ಲಿ, ದೇವಸ್ಥಾನದ ಫೋಟೊಗಳು ಸಿಡಿಯಲ್ಲಿವೆ ಎಂದು ಮೇಷ್ಟ್ರು ಹೇಳಿ ಬರೆಸಿದ್ದರು. ಆ ಎರಡಕ್ಷರ ನಾನು ಇಂಗ್ಲಿಷಿನಲ್ಲೇ ಹಾಕಿದ್ದೆ. ಈಗ ಅಲ್ಲಿ ‘ಫೋಟೊಗಳು ಅಆಯಲ್ಲಿವೆ’ ಎಂದಿದೆ. ಮೇಷ್ಟ್ರಿಗೆ ಫೋನ್ ಮಾಡಿ ಓದಿ ಹೇಳಿದೆ. ಬಹಳ ಹೊತ್ತು ನಕ್ಕರು. ತಿದ್ದಬೇಡ, ಇರಲಿ ಬಿಡು ಅಂದರು.