ಯಾವ ದೇಶಕ್ಕೆ ಎಂದು ಕೇಳುವ ಮೊದಲು

(ದೊಡ್ಡಬಳ್ಳಾಪುರದಲ್ಲಿ ಯುವಕರು ಹಾಗೂ ಹೆತ್ತವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ವಿದೇಶವೆಂಬುದು ನಮ್ಮ ಮನೆಬಾಗಿಲಿಗೇ ಬಂದು ನಿಂತಂತಾಗಿದೆ. ಹೊಸಕೋಟೆಯ ಫಿಟ್ಟರ್, ನೆಲಮಂಗಲದ ವೆಲ್ಡರ್, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವ ಎಲೆಕ್ಟ್ರಿಷಿಯನ್, ಎಲ್ಲರದೂ ಒಂದೇ ಪ್ರಶ್ನೆ: ಯಾವ ದೇಶಕ್ಕೆ ಹೋಗುವುದು? ಈ ಪ್ರಶ್ನೆಗೆ ಉತ್ತರಿಸುವವನು ಸಾಮಾನ್ಯವಾಗಿ ಏಜೆಂಟನೇ ಆಗಿರುತ್ತಾನೆ. ಅವನ ಕೈಯಲ್ಲಿ ಯಾವ ದೇಶದ ವೀಸಾ ಇದೆಯೋ ಅದೇ ಅವನ ಉತ್ತರ.

ನಾವು ಬಲ್ಲ ಒಂದು ಮನೆಯಿದೆ. ಎರಡು ಪವರ್‌ಲೂಮ್ ಮಗ್ಗಗಳನ್ನು ಮಾರಿ, ಸಾಲದ್ದಕ್ಕೆ ಸೊಸೆಯ ಒಡವೆಯನ್ನೂ ಅಡವಿಟ್ಟು ಮಗನನ್ನು ಕೊಲ್ಲಿಗೆ ಕಳುಹಿಸಿದರು. ಏಜೆಂಟ್ ಹೇಳಿದ್ದು ಎಲೆಕ್ಟ್ರಿಷಿಯನ್ ಕೆಲಸ, ಕರಾರಿನಲ್ಲಿದ್ದುದು ಸಹಾಯಕನ ಕೆಲಸ. ಇಂಗ್ಲಿಷ್ ಓದಬಲ್ಲ ಸೊಸೆ ಮನೆಯಲ್ಲಿಯೇ ಇದ್ದಳು, ಆದರೆ ಆ ಕಾಗದವನ್ನು ಅವಳಿಗೆ ತೋರಿಸಬೇಕೆಂದು ಯಾರಿಗೂ ತೋಚಲಿಲ್ಲ. ಎರಡು ವರ್ಷಗಳ ಬಳಿಕ ಮಗ ಮರಳಿದ. ಸಾಲ ತೀರಿತ್ತು, ಅಷ್ಟೇ. ಇಂದು ಅವನು ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದಾನೆ.

1983ರ ವಲಸೆ ಕಾಯ್ದೆಯ ನಿಯಮದಂತೆ ನೋಂದಾಯಿತ ಏಜೆಂಟನು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ಲಕ್ಷಗಟ್ಟಲೆ ಕೇಳುವವನು ಕಾನೂನು ಮುರಿಯುತ್ತಿದ್ದಾನೆ. ಏಜೆಂಟನು ನೋಂದಾಯಿತನೇ ಎಂಬುದನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು. ಮದುವೆಗೆ ಹುಡುಗನ ಬಗ್ಗೆ ಹತ್ತು ಕಡೆ ವಿಚಾರಿಸುವ ನಾವು ಈ ಐದು ನಿಮಿಷವನ್ನು ಯಾಕೆ ಉಳಿಸುತ್ತೇವೋ ತಿಳಿಯದು.

ಇನ್ನು ದೇಶದ ವಿಚಾರ. ಸಂಬಳ ಎಷ್ಟೆಂದು ಕೇಳುವ ಮೊದಲು ಮೂರು ಸಂಗತಿಗಳನ್ನು ತಿಳಿಯಬೇಕು: ನಮ್ಮ ಕಸುಬಿನ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯಿದೆಯೇ, ಮಾಲಕ ಕೆಟ್ಟವನಾದರೆ ಬೇರೆಡೆಗೆ ಹೋಗಬಹುದೇ, ಹೆಂಡತಿ ಮಕ್ಕಳು ಜೊತೆಗಿರಬಹುದೇ. ಮೂರನೆಯದನ್ನು ಕೇಳುವವರನ್ನು ನಾವು ಕಂಡದ್ದು ಬಹಳ ಕಡಿಮೆ.

ಕತಾರ್ 2020ರಲ್ಲಿ ಕಾನೂನು ತಿದ್ದಿ, ಹಳೆಯ ಮಾಲಕನ ಒಪ್ಪಿಗೆಪತ್ರವಿಲ್ಲದೆ ಕೆಲಸ ಬದಲಿಸಲು ಅವಕಾಶ ನೀಡಿತು. 2021ರ ಮಾರ್ಚ್‌ನಿಂದ ಕನಿಷ್ಠ ವೇತನ 1,000 ರಿಯಾಲ್ ಎಂದು ನಿಗದಿಪಡಿಸಿತು. ಒಳ್ಳೆಯದೇ. ಆದರೆ ಕನಿಷ್ಠ ವೇತನದಲ್ಲಿ ದುಡಿಯುವವನು ಕುಟುಂಬವನ್ನು ಕರೆಸಿಕೊಳ್ಳುವ ಮಾತೆಲ್ಲಿ? ಸೌದಿ ಅರೇಬಿಯಾದಲ್ಲಿ 2017ರ ಜುಲೈಯಲ್ಲಿ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಆರಂಭವಾಗಿ 2020ಕ್ಕೆ 400 ರಿಯಾಲ್ ಆಯಿತು. ಪತ್ನಿ ಮತ್ತು ಇಬ್ಬರು ಮಕ್ಕಳೆಂದರೆ ತಿಂಗಳಿಗೆ 1,200 ರಿಯಾಲ್. ಮೂರು ಸಾವಿರ ರಿಯಾಲ್ ಸಂಬಳದವನು ಬಾಡಿಗೆ, ಶಾಲಾ ಶುಲ್ಕಕ್ಕಿಂತ ಮೊದಲೇ ಇದನ್ನು ತೆತ್ತು ಬದುಕಬಹುದೇ? ಅನೇಕರು ಕುಟುಂಬವನ್ನು ಊರಿಗೆ ಕಳುಹಿಸಿ ತಾವು ಮಾತ್ರ ಕ್ಯಾಂಪಿಗೆ ಮರಳಿದ ಬೇಸರದ ಕತೆ ಆಗಿನದು.

ಜಪಾನ್ 2019ರ ಏಪ್ರಿಲ್‌ನಿಂದ ನುರಿತ ಕೆಲಸಗಾರರಿಗೆ ಹೊಸ ವೀಸಾ ಕೊಡುತ್ತಿದೆ. 2021ರ ಜನವರಿಯಲ್ಲಿ ಭಾರತದೊಂದಿಗೆ ಒಪ್ಪಂದವೂ ಆಯಿತು. ಭಾಷೆ ಮತ್ತು ಕಸುಬಿನ ಪರೀಕ್ಷೆ ಪಾಸಾದರೆ ಒಟ್ಟು ಐದು ವರ್ಷ ಇರಬಹುದು. ಆದರೆ ಈ ಮೊದಲನೆಯ ದರ್ಜೆಯಲ್ಲಿ ಕುಟುಂಬವನ್ನು ಕರೆದೊಯ್ಯುವಂತಿಲ್ಲ, ಎರಡನೆಯ ದರ್ಜೆಗೆ ಏರಿದವರಿಗೆ ಮಾತ್ರ ಆ ಅನುಮತಿ. ಇಪ್ಪತ್ತೆರಡರ ಅವಿವಾಹಿತನಿಗೆ ಇದು ಉತ್ತಮ ದಾರಿಯಾಗಬಹುದು, ಎರಡು ಮಕ್ಕಳ ತಂದೆಗೆ ಇದನ್ನು ಸೂಚಿಸಲು ನಮಗೆ ಮನಸ್ಸಾಗದು.

ಬ್ರಿಟನ್‌ನ ಅನುಭವ ಇನ್ನೂ ಹಸಿಯಾಗಿದೆ. ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವವರು ಕುಟುಂಬವನ್ನು ಕರೆತರುವುದನ್ನು 2024ರ ಮಾರ್ಚ್‌ನಲ್ಲಿ ನಿಷೇಧಿಸಲಾಯಿತು. 2025ರ ಜುಲೈಯಲ್ಲಿ ಆ ಕೆಲಸಕ್ಕೆ ಹೊರದೇಶದಿಂದ ನೇಮಿಸಿಕೊಳ್ಳುವುದೇ ನಿಂತಿತು. ಸಾಲ ಮಾಡಿ ಸಿದ್ಧತೆ ನಡೆಸಿದ್ದವರ ಪಾಡೇನಾಗಿರಬಹುದು!

ಜರ್ಮನಿಗೆ ಹೋಗುವ ದಾರಿ ನಿಧಾನದ್ದು. ಅಲ್ಲಿನ ಕಸುಬಿನ ತರಬೇತಿ ಮೂರು, ಮೂರೂವರೆ ವರ್ಷದ್ದು. ಆದ್ದರಿಂದ ನಮ್ಮ ಎರಡು ವರ್ಷದ ಐ.ಟಿ.ಐ.ಗೆ ಪೂರ್ಣ ಮನ್ನಣೆ ಸಿಗುವುದು ಕಷ್ಟ, ಭಾಗಶಃ ಮನ್ನಣೆ ಪಡೆದು ಉಳಿದುದನ್ನು ಅಲ್ಲಿ ಕಲಿಯಬೇಕಾಗುತ್ತದೆ. ಭಾಷೆಯನ್ನೂ ಕಲಿಯಬೇಕು. ಆದರೂ ಸಂಬಳ ಮತ್ತು ಮನೆ ಸಾಕಷ್ಟಿದ್ದರೆ ಕುಟುಂಬವನ್ನು ಕರೆಸಿಕೊಳ್ಳಬಹುದು, ನುರಿತ ಕೆಲಸಗಾರನ ಪತ್ನಿಗೆ ದುಡಿಯುವ ಹಕ್ಕೂ ಇದೆ. 2024ರ ಅಕ್ಟೋಬರ್‌ನಲ್ಲಿ ನುರಿತ ಭಾರತೀಯರಿಗೆ ನೀಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಆ ಸರಕಾರ ಘೋಷಿಸಿತು. ಬೆಂಗಳೂರಿನ ಇಂದಿರಾನಗರದಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಭಾಷೆ ಕಲಿಸುತ್ತಾರೆ. ಏಜೆಂಟನಿಗೆ ಕೊಡುವ ಹಣದ ಒಂದು ಪಾಲು ಅಲ್ಲಿ ಖರ್ಚಾದರೆ, ವೀಸಾ ಸಿಗದಿದ್ದರೂ ಕಲಿತ ಭಾಷೆ ಕೈಯಲ್ಲುಳಿಯುತ್ತದೆ.

ಕರಾರುಪತ್ರ ತಂದಿರುವವರು ಸಭೆಯ ಬಳಿಕ ಇಲ್ಲಿಯೇ ಕುಳಿತಿರಿ, ಒಟ್ಟಿಗೆ ಓದೋಣ. ಮನೆಯ ಹೆಂಗಸರೂ ಇರಲಿ.